ಕಲ್ಯಾಣ ಮುಗಿದ ಮೇಲಿನ ಕಾಳಗ

ಕಳೆದ ಆಟಿ ತಿಂಗಳ ಒಂದು ರಾತ್ರಿ ಬದಿಯಡ್ಕದ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ಮೊಬೈಲಿನ ಬೆಳಕಿನಲ್ಲಿ ದಪ್ಪದೊಂದು ಪುಸ್ತಕ ಓದುತ್ತಿದ್ದ ಅಣ್ಣನ ಮಗಳು ಅದನ್ನು ಪಟಕ್ಕನೆ ಮುಚ್ಚಿ ನನ್ನ ಪಕ್ಕ ಬಂದು ಕೂತಳು. ಕುಂಬಳೆಯಿಂದ ಮಂಗಳೂರಿನ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿ ಬರುವ ಹುಡುಗಿ. ಅವಳ ಓದು ಬಹುಪಾಲು ಆ ರೈಲಿನಲ್ಲೇ.

"ಅತ್ತೆ, ಇದು ಮೋಸ," ಎಂದಳು. "ಮೊದಲನೇ ಪುಸ್ತಕದಲ್ಲಿ ಅವನಿಗೋಸ್ಕರ ಪ್ರಾಣವನ್ನೇ ಕೊಟ್ಟಳು. ಎರಡನೆಯದರಲ್ಲಿ ಅವನನ್ನೇ ಬಿಟ್ಟು ಹೋದಳು. ಹಾಗಾದರೆ ನಾನು ಅಷ್ಟು ಅತ್ತದ್ದು ಎಂತಕ್ಕೆ?"

ಅವಳು ಓದುತ್ತಿದ್ದದ್ದು ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್' ಸರಣಿ. ನಾನೂ ಓದಿದ್ದೆ. ಆದರೂ ಆ ರಾತ್ರಿ ಅವಳಿಗೆ ಸಮಾಧಾನವಾಗುವ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಪ್ರೇಮವೂ ಮಾಯಾಲೋಕವೂ ಬೆರೆತ ಕಥೆಗಳಲ್ಲಿ ಮೊದಲ ಪುಸ್ತಕ ನಮ್ಮನ್ನು ಹಿಡಿದು ಕೂರಿಸುತ್ತದೆ, ಎರಡನೆಯದೋ ಮೂರನೆಯದೋ ಕೈಬಿಡುತ್ತದೆ. ಇದು ಯಾಕೆ ಹೀಗೆ ಎಂದು ಆಮೇಲೆ ಬಹಳ ದಿನ ಯೋಚಿಸಿದೆ. ಕಥೆಯ ಗುಟ್ಟು ಹೇಳದೆ ಇದನ್ನು ಬಿಡಿಸಿಡಲು ಆಗುವುದಿಲ್ಲ. ಈ ಪುಸ್ತಕಗಳನ್ನು ಓದಬೇಕೆಂದಿರುವವರು ಓದಿ ಮುಗಿಸಿ ಬರುವುದು ಒಳ್ಳೆಯದು.

ಈ ಬಗೆಗೆ ಈಗ 'ರೊಮ್ಯಾಂಟಸಿ' ಎಂಬ ಹೆಸರು ಬಿದ್ದಿದೆ. ರೊಮ್ಯಾನ್ಸ್ ಮತ್ತು ಫ್ಯಾಂಟಸಿ ಎರಡನ್ನೂ ಬೆಸೆದ ಪದ. ಹೆಸರು ಈಚಿನದು, ವಸ್ತು ನಮಗೆ ಹೊಸತಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಉಷೆಯ ಕಥೆ ಗೊತ್ತುಂಟು. ಬಾಣಾಸುರನ ಮಗಳು ಕನಸಿನಲ್ಲಿ ಒಬ್ಬ ತರುಣನನ್ನು ಕಂಡು ಮನಸೋಲುತ್ತಾಳೆ. ಅವನು ಯಾರೆಂದು ಅವಳಿಗೆ ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ಒಬ್ಬೊಬ್ಬ ರಾಜಕುಮಾರನ ಚಿತ್ರವನ್ನೂ ಬರೆದು ತೋರಿಸುತ್ತಾ ಹೋಗಿ, ಅವನು ಕೃಷ್ಣನ ಮೊಮ್ಮಗ ಅನಿರುದ್ಧನೆಂದು ಪತ್ತೆಮಾಡುತ್ತಾಳೆ. ದ್ವಾರಕೆಯಲ್ಲಿ ಮಲಗಿದ್ದವನನ್ನು ಮಾಯೆಯಿಂದ ಎತ್ತಿ ತರುತ್ತಾಳೆ. ಆಮೇಲೆ ಬಾಣನ ಸಾವಿರ ತೋಳುಗಳಿಗೂ ಕೃಷ್ಣನ ಚಕ್ರಕ್ಕೂ ಯುದ್ಧ. ಪ್ರೇಮದ ಕಡೆಯಿಂದ ನೋಡಿದರೆ ಇದು 'ಉಷಾ ಪರಿಣಯ', ಯುದ್ಧದ ಕಡೆಯಿಂದ ನೋಡಿದರೆ 'ಬಾಣಾಸುರ ಕಾಳಗ'.

ಪ್ರಸಂಗಗಳ ಹೆಸರುಗಳನ್ನೇ ಒಮ್ಮೆ ನೋಡಿ: ಒಂದು ಕಡೆ ಕಲ್ಯಾಣ, ಪರಿಣಯ, ವಿಲಾಸ, ಇನ್ನೊಂದು ಕಡೆ ಕಾಳಗ, ವಧೆ, ಮೋಕ್ಷ. ರೊಮ್ಯಾಂಟಸಿ ಓದುಗರು ಒಂದೇ ಪುಸ್ತಕದಲ್ಲಿ ಎರಡನ್ನೂ ಕೇಳುತ್ತಾರೆ. ಮೊದಲ ಪುಸ್ತಕದಲ್ಲಿ ಎರಡೂ ಸಿಗುತ್ತವೆ. ತೊಡಕು ಇರುವುದು ಅದರ ನಂತರ.

ಇಂಥ ಕಥೆಯನ್ನು ಗುರುತಿಸಲು ನನ್ನದೊಂದು ಸರಳ ಪರೀಕ್ಷೆ ಉಂಟು. ಕಥೆಯಿಂದ ಪ್ರೇಮವನ್ನು ತೆಗೆದರೆ ಕಥೆ ಕುಸಿಯಬೇಕು. ಮಾಯೆಯನ್ನು ತೆಗೆದರೆ ಪ್ರೇಮ ಕುಸಿಯಬೇಕು. ಚಿತ್ರಲೇಖೆಯ ಮಾಯೆ ಇಲ್ಲದಿದ್ದರೆ ಉಷೆಗೆ ಅನಿರುದ್ಧ ಸಿಗುವುದಿಲ್ಲ. ಉಷೆಯ ಪ್ರೇಮ ಇಲ್ಲದಿದ್ದರೆ ಆ ಯುದ್ಧಕ್ಕೆ ಕಾರಣವೇ ಇಲ್ಲ. ಒಂದರ ಕಾಲಿನ ಮೇಲೆ ಇನ್ನೊಂದು ನಿಂತಿರುತ್ತದೆ. ಡ್ರ್ಯಾಗನ್ ಬಂದ ಮಾತ್ರಕ್ಕೆ ಫ್ಯಾಂಟಸಿ ಆಗುವುದಿಲ್ಲ, ಮುತ್ತಿಟ್ಟ ಮಾತ್ರಕ್ಕೆ ರೊಮ್ಯಾನ್ಸೂ ಆಗುವುದಿಲ್ಲ.

ಈಗ ತೊಡಕಿನ ಬೇರಿಗೆ ಹೋಗೋಣ. ರೊಮ್ಯಾನ್ಸ್ ಓದುಗರಿಗೆ ಕೊಡುವ ಮಾತು ಒಂದೇ: ಕೊನೆಗೆ ಇಬ್ಬರೂ ಒಂದಾಗುತ್ತಾರೆ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಇಟ್ಟುಕೊಂಡಿರುವ ಲಕ್ಷಣಗಳೂ ಎರಡೇ: ಕಥೆಯ ನಡುವಿನಲ್ಲಿ ಪ್ರೇಮ ಇರಬೇಕು, ಅಂತ್ಯ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡುವಂತಿರಬೇಕು. ಅಂದರೆ ರೊಮ್ಯಾನ್ಸ್ ಮುಗಿಯುವುದಕ್ಕಾಗಿಯೇ ಶುರುವಾಗುವ ಕಥೆ. ಫ್ಯಾಂಟಸಿಯ ಮಾತು ಇದಕ್ಕೆ ತದ್ವಿರುದ್ಧ: ನೀನು ನೋಡಿದ್ದು ಸ್ವಲ್ಪ, ಬೆಟ್ಟದ ಆಚೆ ಇನ್ನೂ ರಾಜ್ಯಗಳಿವೆ, ಸಮುದ್ರದ ಆಚೆ ಇನ್ನೂ ಕೇಡು ಕಾದಿದೆ. ಫ್ಯಾಂಟಸಿಯಲ್ಲಿ ಮೂರು ಸಂಪುಟ ಎಂಬುದು ರೂಢಿಯೇ ಆಗಿಬಿಟ್ಟಿದೆ. ಆದರೆ ಟೋಲ್ಕಿನ್ನರ 'ದ ಲಾರ್ಡ್ ಆಫ್ ದ ರಿಂಗ್ಸ್' 1954–55ರಲ್ಲಿ ಮೂರು ಸಂಪುಟವಾಗಿ ಬಂದದ್ದು ಯುದ್ಧಾನಂತರದ ಕಾಗದದ ದುಬಾರಿ ಮತ್ತು ಪ್ರಕಾಶಕರ ಲೆಕ್ಕಾಚಾರದಿಂದ; ಅವರ ಪಾಲಿಗೆ ಅದು ಒಂದೇ ಕಾದಂಬರಿ. ಕಥೆ ಒಂದೇ ಆಗಿದ್ದರಿಂದ ಒಡೆದರೂ ಕೆಡಲಿಲ್ಲ. ರೊಮ್ಯಾಂಟಸಿಯಲ್ಲಿ ಎರಡು ಕಥೆಗಳು ಎರಡು ವೇಗದಲ್ಲಿ ಓಡುತ್ತವೆ. ಕಲ್ಯಾಣ ಮೊದಲ ಪುಸ್ತಕಕ್ಕೇ ಮುಗಿಯಲು ನೋಡುತ್ತದೆ, ಕಾಳಗಕ್ಕೆ ಐದು ಪುಸ್ತಕ ಬೇಕು. ಉಳಿದ ನಾಲ್ಕು ಪುಸ್ತಕಗಳಲ್ಲಿ ಆ ಇಬ್ಬರು ಪ್ರೇಮಿಗಳು ಏನು ಮಾಡುತ್ತಿರಬೇಕು?

ಇದಕ್ಕೆ ಬರಹಗಾರರು ಕಂಡುಕೊಂಡ ದಾರಿಗಳು ಕೆಲವೇ. ಇಬ್ಬರನ್ನೂ ಅಗಲಿಸುವುದು ಒಂದು. ಅದೇ ಲೋಕದಲ್ಲಿ ಬೇರೆ ಜೋಡಿಯನ್ನು ಹಿಡಿಯುವುದು ಇನ್ನೊಂದು. ಮಕ್ಕಳ ಕಾಲಕ್ಕೆ ದಾಟುವುದು ಮತ್ತೊಂದು. ಪ್ರೇಮಿಯನ್ನೇ ಬದಲಾಯಿಸುವುದು ಎಲ್ಲಕ್ಕಿಂತ ಅಪಾಯದ್ದು. ನನ್ನ ಸೊಸೆಯನ್ನು ಅಳಿಸಿದ್ದು ಅದೇ.

ಅಗಲಿಸುವ ದಾರಿಗೆ ಸ್ಟೆಫನಿ ಮೆಯರ್ ಅವರ 'ನ್ಯೂ ಮೂನ್' ಎಲ್ಲರಿಗೂ ನೆನಪಿರುವ ಉದಾಹರಣೆ. 2005ರಲ್ಲಿ ಬಂದ 'ಟ್ವೈಲೈಟ್'ನಲ್ಲಿ ಮನುಷ್ಯ ಹುಡುಗಿಗೂ ರಕ್ತಪಿಶಾಚಿಗೂ ಪ್ರೇಮ ಬೆಳೆಯಿತು. ಮರುವರ್ಷದ ಈ ಎರಡನೆಯ ಪುಸ್ತಕದಲ್ಲಿ ಅವನು ಅವಳ ಒಳ್ಳೆಯದಕ್ಕೆಂದು ಬಿಟ್ಟು ಹೋಗುತ್ತಾನೆ. ಆಮೇಲೆ ನಾಲ್ಕು ಪುಟಗಳು ಹೆಚ್ಚುಕಡಿಮೆ ಖಾಲಿ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಎಂದು ಪುಟಕ್ಕೊಂದು ತಿಂಗಳ ಹೆಸರು ಮಾತ್ರ ಅಚ್ಚಾಗಿದೆ. ವಿರಹವನ್ನು ಹೇಳಲು ನಮ್ಮ ಕವಿಗಳು ಚಂದ್ರ, ಮಲಯಮಾರುತ, ಕೋಗಿಲೆ ಎಂದು ಪದ್ಯದ ಮೇಲೆ ಪದ್ಯ ಹೊಸೆದರು. ಇಲ್ಲಿ ಹೇಳಲು ಏನೂ ಉಳಿಯಲಿಲ್ಲ ಎಂಬುದನ್ನೇ ತೋರಿಸಿದ್ದಾರೆ. ಆ ನಾಲ್ಕು ಪುಟಗಳಿಗೆ ನನ್ನ ಮನಸ್ಸಿನಲ್ಲಿ ಬಹಳ ಗೌರವ ಉಂಟು. ಆದರೆ ಅಗಲಿಕೆಯ ಕಾರಣ ನನಗೆ ಒಪ್ಪಿಗೆಯಿಲ್ಲ. ಅವನು ಹೋದದ್ದು ತಾನೇ ತೀರ್ಮಾನಿಸಿ, ಅವಳನ್ನು ಒಂದು ಮಾತೂ ಕೇಳದೆ. ಲೋಕದ ನಿಯಮವೊಂದು ಇಬ್ಬರನ್ನು ಅಗಲಿಸಿದರೆ ಓದುಗರು ಆ ಲೋಕದ ಮೇಲೆ ಸಿಟ್ಟಾಗುತ್ತಾರೆ. ಒಬ್ಬನ ಹಟ ಅಗಲಿಸಿದರೆ ಬರೆದವರ ಮೇಲೆ ಸಿಟ್ಟಾಗುತ್ತಾರೆ.

ಮಕ್ಕಳ ಕಾಲಕ್ಕೆ ದಾಟುವ ದಾರಿಗೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ಉಂಟು. ದೇವಕೀನಂದನ ಖತ್ರಿಯವರು 1888ರಲ್ಲಿ ಹಿಂದಿಯಲ್ಲಿ ಪ್ರಕಟಿಸಿದ 'ಚಂದ್ರಕಾಂತಾ' ನೌಗಢದ ರಾಜಕುಮಾರ, ವಿಜಯಗಢದ ರಾಜಕುಮಾರಿ, ಮಾರುವೇಷದ ಗೂಢಚಾರರಾದ ಐಯಾರರು, ಮಾಯೆಯ ಬಲೆ ಹೆಣೆದ ಗುಟ್ಟಿನ ತಿಲಿಸ್ಮಿ ಕೋಟೆಗಳ ಕಥೆ. ಇದನ್ನು ಓದಲಿಕ್ಕಾಗಿಯೇ ಎಷ್ಟೋ ಜನ ಹಿಂದಿ ಕಲಿತರೆಂದು ಹೇಳುತ್ತಾರೆ. 1994ರಲ್ಲಿ ದೂರದರ್ಶನದಲ್ಲಿ ಧಾರಾವಾಹಿ ಶುರುವಾದಾಗ ಆದಿತ್ಯವಾರ ನಮ್ಮ ಮನೆಯ ಚಾವಡಿಯಲ್ಲಿ ನೆರೆಕರೆಯವರೆಲ್ಲ ಕೂತಿರುತ್ತಿದ್ದರು. ಇದರ ಮುಂದುವರಿಕೆ 'ಚಂದ್ರಕಾಂತಾ ಸಂತತಿ' ಬಂದದ್ದು 24 ಭಾಗಗಳಲ್ಲಿ. ನಾಯಕರು ಮೊದಲ ಜೋಡಿಯ ಮಕ್ಕಳು. ಕಲ್ಯಾಣ ಮುಗಿದವರನ್ನು ಗೌರವದಿಂದ ಕೂರಿಸಿ ಕಾಳಗವನ್ನು ಮಕ್ಕಳ ಕೈಗೆ ಕೊಡುವುದು ಮರ್ಯಾದೆಯ ದಾರಿ. ಹಳೆಯ ಪ್ರೇಮಕ್ಕೆ ಪೆಟ್ಟಾಗುವುದಿಲ್ಲ. ಆದರೆ ಯಾರನ್ನು ಪ್ರೀತಿಸಿ ಈ ಲೋಕಕ್ಕೆ ಬಂದೆವೋ ಅವರು ಬರಬರುತ್ತಾ ಬದಿಗೆ ಸರಿಯುತ್ತಾರೆ.

ಇನ್ನು ಸೊಸೆಯ ಪ್ರಶ್ನೆಗೆ ಬರುತ್ತೇನೆ.

ಆ ಸರಣಿಯ ಮೊದಲ ಪುಸ್ತಕ 2015ರದ್ದು. ಬಡತನದಲ್ಲಿ ಬೇಟೆಯಾಡಿ ಮನೆಯವರನ್ನು ಸಾಕುವ ಫೇರಾ ಎಂಬ ಹುಡುಗಿ ಒಂದು ತೋಳವನ್ನು ಕೊಲ್ಲುತ್ತಾಳೆ. ಅದು ತೋಳದ ರೂಪದಲ್ಲಿದ್ದ, ಮಾಯಾಶಕ್ತಿಯುಳ್ಳ ಫೇ ಜನಾಂಗದವನು. ಅದಕ್ಕೆ ದಂಡವಾಗಿ ಅವಳು ವಸಂತದ ಆಸ್ಥಾನದ ಒಡೆಯ ಟ್ಯಾಮ್ಲಿನ್ ಜೊತೆ ಹೋಗಬೇಕಾಗುತ್ತದೆ, ಪ್ರೀತಿ ಬೆಳೆಯುತ್ತದೆ, ಕ್ರೂರ ರಾಣಿಯೊಬ್ಬಳ ಹಿಡಿತದಿಂದ ಅವನನ್ನು ಬಿಡಿಸಲು ಹೋಗಿ ಸಾಯುತ್ತಾಳೆ. ಏಳು ಆಸ್ಥಾನಗಳ ಒಡೆಯರು ತಮ್ಮ ಶಕ್ತಿಯ ಒಂದೊಂದು ಕಿಡಿ ಕೊಟ್ಟು ಅವಳನ್ನು ಬದುಕಿಸುತ್ತಾರೆ, ಆದರೆ ಅವಳು ಇನ್ನು ಮನುಷ್ಯಳಲ್ಲ. 2016ರ ಎರಡನೆಯ ಪುಸ್ತಕದಲ್ಲಿ ಅದೇ ಟ್ಯಾಮ್ಲಿನ್ ಅವಳನ್ನು ಕಾಪಾಡುವ ನೆಪದಲ್ಲಿ ಮನೆಯೊಳಗೇ ಕೂಡಿಹಾಕುತ್ತಾನೆ. ಅವಳು ರಾತ್ರಿಯ ಆಸ್ಥಾನದ ರೈಸಾಂಡನ ಕಡೆಗೆ ಹೋಗುತ್ತಾಳೆ.

ಇದು ಮೋಸವೇ? ಎರಡನೆಯ ಸಲ ಓದಿದಾಗ ನನಗೆ ಹಾಗೆ ಅನ್ನಿಸಲಿಲ್ಲ. ಮೊದಲ ಪುಸ್ತಕದಲ್ಲೇ, ಅವಳು ಸೆರೆಯಲ್ಲಿ ಗಾಯಗೊಂಡು ಬಿದ್ದಿದ್ದಾಗ, ರೈಸಾಂಡ್ ಅವಳೊಡನೆ ಒಂದು ಕರಾರು ಮಾಡಿಕೊಂಡಿದ್ದ: ಗಾಯ ವಾಸಿಮಾಡುತ್ತೇನೆ, ಬದಲಿಗೆ ತಿಂಗಳಿಗೊಂದು ವಾರ ನೀನು ನನ್ನ ಆಸ್ಥಾನದಲ್ಲಿರಬೇಕು. ಆ ಕರಾರಿನ ಹಚ್ಚೆ ಅವಳ ಕೈಮೇಲೆ ಮೂಡಿತು. ಪುಸ್ತಕ ಮುಗಿದರೂ ಹಚ್ಚೆ ಅಳಿಯಲಿಲ್ಲ. ಇನ್ನೊಂದು ಬಾಕಿಯೂ ಇತ್ತು. ಟ್ಯಾಮ್ಲಿನನನ್ನು ಬಿಡಿಸಲು ಅವಳು ನಿರಪರಾಧಿಗಳನ್ನು ಕೊಂದಿದ್ದಳು, ಅದರ ದುಃಖವನ್ನು ಅವಳೊಡನೆ ಹಂಚಿಕೊಳ್ಳುವವರು ಯಾರೂ ಇರಲಿಲ್ಲ. ಎರಡನೆಯ ಪುಸ್ತಕ ಹೊಸ ಕಥೆ ಹೊಸೆದದ್ದಲ್ಲ, ಮೊದಲನೆಯದು ಉಳಿಸಿಹೋದ ಸಾಲವನ್ನು ವಸೂಲಿಗೆ ತಂದದ್ದು.

ಈ ಪುಸ್ತಕಗಳಲ್ಲಿ ವಿಧಿಯೇ ಜೋಡಿಸಿದ ಸಂಬಂಧಕ್ಕೆ 'ಮೇಟ್' ಎಂಬ ಮಾತು ಬಳಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಏನು ಹೇಳಬೇಕೆಂದು ಸೊಸೆ ಕೇಳಿದಾಗ 'ಋಣಾನುಬಂಧ' ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು: ನಮ್ಮ ಪದದಲ್ಲಿ ಬಂಧದ ಮೊದಲೇ ಋಣ ಉಂಟು. ಯಾವುದೋ ಜನ್ಮದಲ್ಲಿ ಕೊಡುವುದು, ತೆಗೆದುಕೊಳ್ಳುವುದು ಬಾಕಿಯಿದ್ದದ್ದರಿಂದಲೇ ಈ ಜನ್ಮದಲ್ಲಿ ಭೇಟಿ. ಬಾಕಿ ಚುಕ್ತಾ ಆದರೆ "ಋಣ ತೀರಿತು" ಎನ್ನುತ್ತೇವೆ, ಸಂಬಂಧ ಮುಗಿಯಿತು ಎಂಬ ಅರ್ಥದಲ್ಲಿ. ಸರಣಿಗಳಿಗೂ ನಾನು ಈಗ ಇದೇ ಅಳತೆಗೋಲು ಇಡುತ್ತೇನೆ. ಮೊದಲ ಪುಸ್ತಕ ಪ್ರೇಮದೊಳಗೆ ಒಂದು ಋಣ ಉಳಿಸಿದ್ದರೆ ಮುಂದಿನ ಪುಸ್ತಕಕ್ಕೆ ಜೀವ ಇರುತ್ತದೆ. ಋಣ ತೀರಿದ ಮೇಲೂ ಬರೆದರೆ ಬರೀ ಯುದ್ಧ ಉಳಿಯುತ್ತದೆ, ಇಲ್ಲವೇ ಬರೀ ಸಂಭ್ರಮ.

ಅದೇ ಸರಣಿಯಲ್ಲಿ ಎರಡೂ ಆಗಿದೆ. 2017ರ ಮೂರನೆಯ ಪುಸ್ತಕದ ಕೊನೆಗೆ ರೈಸಾಂಡ್ ಸಾಯುತ್ತಾನೆ, ಆಸ್ಥಾನಗಳ ಒಡೆಯರು ಮತ್ತೆ ಕಿಡಿ ಕೊಡುತ್ತಾರೆ, ಅವನು ಎದ್ದು ಕೂರುತ್ತಾನೆ. ಫೇರಾ ಸತ್ತು ಎದ್ದಾಗ ತನ್ನ ಮನುಷ್ಯತನವನ್ನೇ ತೆತ್ತಿದ್ದಳು. ಇವನು ಏನನ್ನೂ ತೆರಲಿಲ್ಲ. ಅಲ್ಲಿಂದ ಮುಂದೆ ಆ ಲೋಕದಲ್ಲಿ ಯಾರು ಸತ್ತರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. 2018ರ ಚಿಕ್ಕ ಪುಸ್ತಕ ಹಬ್ಬದ ಉಡುಗೊರೆಗಳ ಸುತ್ತ ಸಾಗುತ್ತದೆ. ಇಷ್ಟದ ಪಾತ್ರಗಳನ್ನು ಮತ್ತೆ ನೋಡಿದ ಖುಷಿ, ಅಷ್ಟೆ. ಆದರೆ 2021ರ ಐದನೆಯದು ಅಕ್ಕ ನೆಸ್ಟಾಳ ಕಥೆ, ಅದು ನನಗೆ ಇಡೀ ಸರಣಿಯಲ್ಲೇ ಹೆಚ್ಚು ತಟ್ಟಿದ ಪುಸ್ತಕ. ಮನೆಯ ಕಿರಿಯವಳು ಹಿಮದ ಕಾಡಿಗೆ ಒಬ್ಬಳೇ ಬೇಟೆಗೆ ಹೋಗುವಾಗ ಸುಮ್ಮನೆ ನೋಡುತ್ತಾ ಕೂತಿದ್ದ ಅಕ್ಕ ಅವಳು. ಮೊದಲ ಪುಸ್ತಕದ ಮೊದಲ ಪುಟಗಳಲ್ಲಿ ಬರೆದ ಸಾಲ ಅದು. ಅವಳಿಗೆ ತನ್ನ ಮೇಲೇ ಇದ್ದ ಹೇಸಿಗೆ ಯಾಕೆಂದು ಇಲ್ಲಿ ತಿಳಿಯುತ್ತದೆ, ಅವಳು ರೈಸಾಂಡನ ಸೇನಾಪತಿ ಕ್ಯಾಸಿಯನನನ್ನು ಪ್ರೀತಿಸಲು ಅಂಜುವುದೂ ಆ ಹೇಸಿಗೆಯಿಂದಲೇ. ಬೇರೆ ಜೋಡಿಯನ್ನು ಹಿಡಿದರೂ ಹಳೆಯ ಲೆಕ್ಕವನ್ನೇ ಮುಂದುವರಿಸಿದ್ದರಿಂದ ಅದು ಗಟ್ಟಿ.

ರೆಬೆಕಾ ಯಾರೋಸ್ ಅವರ 'ಫೋರ್ತ್ ವಿಂಗ್' ಬಗ್ಗೆ ನನ್ನ ಅಭಿಪ್ರಾಯ ಇಷ್ಟು ಒಳ್ಳೆಯದಲ್ಲ. ಮೊದಲ ಪುಸ್ತಕದ ಕಟ್ಟು ನಿಜಕ್ಕೂ ಜಾಣತನದ್ದು. ಡ್ರ್ಯಾಗನ್ ಸವಾರರ ಸೈನಿಕ ಶಾಲೆಯಲ್ಲಿ ವಯಲೆಟ್ ಮತ್ತು ಜೇಡನ್ ಹಗೆತನದ ಮನೆಗಳಿಂದ ಬಂದವರು. ಆದರೆ ಅವರಿಬ್ಬರ ಡ್ರ್ಯಾಗನ್‌ಗಳು ಗಂಡು ಹೆಣ್ಣು ಜೋಡಿ, ಬಹಳ ದಿನ ಅಗಲಿ ಇರಲಾರವು. ಹಾಗಾಗಿ ಸವಾರರೂ ಒಬ್ಬರನ್ನೊಬ್ಬರು ಬಿಟ್ಟಿರುವಂತಿಲ್ಲ. ಪ್ರೇಮದ ಕಾಲು ಮಾಯೆಯ ಮೇಲೆ ಸರಿಯಾಗಿ ನಿಂತಿದೆ. ಅವನು ದೊಡ್ಡ ಗುಟ್ಟೊಂದನ್ನು ಅವಳಿಂದ ಮುಚ್ಚಿಟ್ಟಿದ್ದ ಎಂದು ಕೊನೆಗೆ ಗೊತ್ತಾಗುತ್ತದೆ. ಒಳ್ಳೆಯ ಋಣವೇ. ಆದರೆ ಎರಡನೆಯ ಪುಸ್ತಕ 'ಐರನ್ ಫ್ಲೇಮ್' ಆ ಋಣವನ್ನು ತೀರಿಸುವ ಬದಲು ಅದರ ಬಡ್ಡಿಯನ್ನೇ ಎಣಿಸುತ್ತಾ ಕೂರುತ್ತದೆ. "ನೀನು ಹೇಳಲಿಲ್ಲ", "ನೀನು ಕೇಳಲಿಲ್ಲ" ಎಂಬ ಜಗಳ ಅಧ್ಯಾಯದಿಂದ ಅಧ್ಯಾಯಕ್ಕೆ ಹಾಗೇ ಬರುತ್ತದೆ. ಮೊದಲನೆಯದು 2023ರ ಮೇ ತಿಂಗಳಲ್ಲಿ ಬಂತು, ಎರಡನೆಯದು ಅದೇ ವರ್ಷದ ನವೆಂಬರಿನಲ್ಲಿ. ಓದುವಾಗ ಆ ಆರು ತಿಂಗಳು ನನ್ನ ಕಣ್ಣಿಗೆ ಕಾಣುತ್ತಲೇ ಇದ್ದವು. ಓದುಗರೇನೂ ಕೈಬಿಡಲಿಲ್ಲ: 2025ರ ಜನವರಿಯಲ್ಲಿ ಬಂದ ಮೂರನೆಯದು ಮೊದಲ ವಾರದಲ್ಲೇ 27 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅಷ್ಟು ಜನ ಕಾದು ಕೂತಿರುವಾಗ ನಿಧಾನವಾಗಿ ಬರೆಯುವುದು ಎಷ್ಟು ಕಷ್ಟವೆಂದು ನನಗೆ ಅರ್ಥವಾಗುತ್ತದೆ. ಆದರೂ ಎರಡನೆಯ ಪುಸ್ತಕದ ಕೊನೆಯಲ್ಲಿ ಜೇಡನ್ ಅವಳನ್ನು ಉಳಿಸಲು ನಿಷಿದ್ಧ ಶಕ್ತಿಯನ್ನು ಮುಟ್ಟಿ ತಾನೇ ಕೆಡುತ್ತಾನಲ್ಲ, ಆ ಪುಟದಲ್ಲಿ ಕಥೆಗೆ ಮತ್ತೆ ಉಸಿರು ಬಂತು. ಪ್ರೇಮಕ್ಕೆ ಮಾಯೆ ಬೆಲೆ ಕೇಳಿದ್ದು ಅಲ್ಲಿ.

ಬೆಲೆ ಕೇಳುವ ಮಾಯೆ ಎಂದಾಗ ನಾನು ಬಾಣಭಟ್ಟನ 'ಕಾದಂಬರಿ'ಗೆ ಹೋಗದೆ ಇರಲಾರೆ. ನಾವು ಇಂಥ ಬರವಣಿಗೆಗೆಲ್ಲ ಇಟ್ಟ ಹೆಸರೇ ಆ ನಾಯಕಿಯದು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ಅದನ್ನು ಮುಗಿಸದೆ ತೀರಿಹೋದ. ನಿಂತದ್ದು ಕಾದಂಬರಿಯ ವಿರಹವನ್ನು ಪರಿಚಾರಿಕೆ ಪತ್ರಲೇಖೆ ನಾಯಕ ಚಂದ್ರಾಪೀಡನಿಗೆ ಹೇಳುತ್ತಿರುವ ನಡುಮಾತಿನಲ್ಲಿ. ಮಗ ಭೂಷಣಭಟ್ಟ ಉತ್ತರಭಾಗ ಬರೆದ. ಕಥೆ ಅರ್ಧಕ್ಕೆ ನಿಂತು ಸಜ್ಜನರು ದುಃಖಪಡುವುದನ್ನು ನೋಡಲಾರದೆ ಬರೆಯುತ್ತಿದ್ದೇನೆ, ಕವಿಯೆಂಬ ಹೆಮ್ಮೆಯಿಂದ ಅಲ್ಲ ಎಂಬರ್ಥದ ಮಾತನ್ನು ಅವನು ಆರಂಭದಲ್ಲೇ ಹೇಳುತ್ತಾನೆ. ಅಪ್ಪನ ಸಾಲ ತೀರಿಸಿದ ಮಗ. ಎರಡೂ ಭಾಗಗಳ ಕಥೆಯನ್ನು ಕನ್ನಡಕ್ಕೆ ಚಂಪುವಾಗಿ ತಂದವನು ಒಂದನೆಯ ನಾಗವರ್ಮ.

ಆ ಉತ್ತರಭಾಗದಲ್ಲಿ ನಡೆಯುವುದನ್ನು ನೋಡಿ. ಪುಂಡರೀಕನೆಂಬ ಮುನಿಕುಮಾರ, ಕಾದಂಬರಿಯ ಗೆಳತಿ ಮಹಾಶ್ವೇತೆಯ ವಿರಹದಲ್ಲಿ ಸಾಯುವಾಗ, ತನ್ನನ್ನು ಸುಡುತ್ತಿದ್ದ ಚಂದ್ರನನ್ನು ಶಪಿಸುತ್ತಾನೆ: ನೀನೂ ಭೂಮಿಯಲ್ಲಿ ಜನ್ಮಜನ್ಮಕ್ಕೂ ಹೀಗೇ ಬೇಯುವಂತಾಗಲಿ. ಚಂದ್ರ ತಿರುಗಿ ಶಪಿಸುತ್ತಾನೆ: ನಿನಗೂ ನನ್ನ ಪಾಡೇ ಬರಲಿ. ಆ ಚಂದ್ರನೇ ಚಂದ್ರಾಪೀಡ. ಪುಂಡರೀಕ ಅವನ ಗೆಳೆಯ ವೈಶಂಪಾಯನನಾಗಿ ಹುಟ್ಟಿ, ಯಾಕೆಂದು ತಿಳಿಯದೆ ಮತ್ತೆ ಮಹಾಶ್ವೇತೆಯ ಹಿಂದೆ ಬಿದ್ದು, ಅವಳ ಶಾಪದಿಂದಲೇ ಗಿಳಿಯಾಗುತ್ತಾನೆ. ಗೆಳೆಯ ಸತ್ತನೆಂದು ಕೇಳಿ ಚಂದ್ರಾಪೀಡನ ಎದೆಯೊಡೆಯುತ್ತದೆ. ಕಾದಂಬರಿ ಅವನ ಕೆಡದ ದೇಹವನ್ನು ಕಾಯುತ್ತಾ ಕೂರುತ್ತಾಳೆ. ಇಲ್ಲಿ ಒಂದೊಂದು ಜನ್ಮವೂ ಒಂದು ಸೀಕ್ವೆಲ್. ಪ್ರತಿ ಜನ್ಮದಲ್ಲೂ ಹಿಂದಿನದರ ಬಾಕಿ, ಮತ್ತು ಆ ಬಾಕಿಯನ್ನು ಬರೆದದ್ದು ಪ್ರೇಮವೇ. ಹೊರಗಿನಿಂದ ಖಳನಾಯಕನೊಬ್ಬ ಬರಬೇಕಾಗಲಿಲ್ಲ.

ಇಷ್ಟನ್ನೂ ಸೊಸೆಗೆ ಹೇಳಿದೆ. ಅವಳು ಸುಮ್ಮನೆ ಕೇಳಿ, "ಆದರೂ ಅತ್ತೆ, ಸುಖವಾಗಿದ್ದವರನ್ನು ಯಾಕೆ ಮುಟ್ಟಬೇಕು?" ಎಂದಳು.

ಅವಳಿಗೆ ಬಬ್ರುವಾಹನನ ಯಕ್ಷಗಾನದ ಆಟ ನೆನಪಿಸಿದೆ. ಅರ್ಜುನ ಚಿತ್ರಾಂಗದೆಯನ್ನು ಮದುವೆಯಾದ ಕಥೆ ಅಲ್ಲಿಗೇ ನಿಂತಿದ್ದರೆ ಚಂದದ ಕಲ್ಯಾಣ. ಆದರೆ ಅವನು ಅವಳನ್ನು ಬಿಟ್ಟು ಹೊರಟುಹೋಗಿದ್ದ. ವರ್ಷಗಳ ಮೇಲೆ ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ, ಕುದುರೆಯನ್ನು ಕಟ್ಟಿಹಾಕಿದ ಮಗ ಬಂದವನು ತಂದೆಯೆಂದು ತಾಯಿಯಿಂದ ತಿಳಿದು ಕಾಣಿಕೆ ಹಿಡಿದುಕೊಂಡು ಹೋದರೆ, ಅರ್ಜುನ ಅವನನ್ನು ಹೀಯಾಳಿಸುತ್ತಾನೆ. ಕಾಳಗವಾಗುತ್ತದೆ, ಮಗನ ಬಾಣಕ್ಕೆ ತಂದೆಯ ತಲೆ ಉರುಳುತ್ತದೆ, ನಾಗಲೋಕದ ಮಣಿಯಿಂದ ಮತ್ತೆ ಜೀವ ಬರುತ್ತದೆ. ಎಡನೀರಿನಲ್ಲಿ ಚಿಕ್ಕಂದಿನಲ್ಲಿ ಆಟ ನೋಡುವಾಗ ನನ್ನ ಕಣ್ಣೆಲ್ಲ ಯುದ್ಧದ ಮೇಲಿತ್ತು, ಚೆಂಡೆಯ ಪೆಟ್ಟಿನ ಮೇಲಿತ್ತು. ಈಗ ನೋಡಿದರೆ ಚಿತ್ರಾಂಗದೆಯ ಮೇಲೆ ಕಣ್ಣು ನಿಲ್ಲುತ್ತದೆ. ಬಿಟ್ಟುಹೋದವನ ಬಗ್ಗೆ ಮಗನಿಗೆ ಅಷ್ಟು ವರ್ಷ ಏನು ಹೇಳಿ ಸಾಕಿದಳೋ. ಕಲ್ಯಾಣದ ರಾತ್ರಿ ಯಾರೂ ಅವಳನ್ನು ಅದನ್ನು ಕೇಳುವುದಿಲ್ಲ. ಕಾಳಗದ ರಾತ್ರಿ ಕೇಳದೆ ಗತಿಯಿಲ್ಲ.

ಹೋದ ವಾರ ಸೊಸೆ ಇನ್ನೊಂದು ಸರಣಿಯ ಮೊದಲ ಪುಸ್ತಕ ಮುಗಿಸಿ ನನ್ನ ಕೈಗಿತ್ತಳು. ಕೊನೆಯ ಪುಟದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬಾಕಿ ಎಂದು ಬರೆದು ಕೆಳಗೆ ಮೂರು ಸಾಲು ಗೀಚಿದ್ದಳು. ಮೊದಲನೆಯದು ಯುದ್ಧದ್ದು, ಎರಡನೆಯದು ಕಳೆದುಹೋದ ಕಿರೀಟದ್ದು. ಮೂರನೆಯದು: "ಅವನು ಕ್ಷಮೆ ಕೇಳಿದ, ಅವಳು ಕ್ಷಮಿಸಿದೆ ಅಂತ ಎಲ್ಲಿಯೂ ಹೇಳಲಿಲ್ಲ."

ಎರಡನೆಯದನ್ನು ತರಿಸು ಎಂದೆ.